ಗುಡ್ಡದ ಮೇಲಿನ ರಿಪೀಟರ್‌ಗೆ ನಾಲ್ಕು ಡೈಪೋಲ್: ಯಾವ ಕಡೆ ತಿರುಗಿಸಬೇಕು?

ನಿಮ್ಮ ರಿಪೀಟರ್‌ನ (ಬಂದ ರೇಡಿಯೋ ಸಿಗ್ನಲನ್ನು ಮತ್ತೆ ದೂರಕ್ಕೆ ಕಳಿಸುವ ಯಂತ್ರ) ಮಾಸ್ಟ್, ಅಂದರೆ ಆಂಟೆನಾ ಕಂಬ, ಘಟ್ಟದ ಅಂಚಿನಲ್ಲಿದ್ದು, ಮುಖ್ಯವಾಗಿ ತೀರ್ಥಹಳ್ಳಿ, ಶಿವಮೊಗ್ಗಕ್ಕೆ ಸಿಗ್ನಲ್ ಬೇಕೆಂದರೆ ನಾಲ್ಕು ಡೈಪೋಲ್‌ಗಳನ್ನೂ (ನಡುವೆ ಕೇಬಲ್ ಸೇರುವ, ಎರಡು ತೋಳಿನ ಆಂಟೆನಾ) ಪೂರ್ವಕ್ಕೇ ಕಟ್ಟಿ. ಆ ಕಡೆಗೆ ಸುಮಾರು 9 ಡಿಬಿಡಿ (ಒಂಟಿ ಡೈಪೋಲ್‌ಗೆ ಹೋಲಿಸಿದ ಡೆಸಿಬೆಲ್) ಗೇನ್, ಅಂದರೆ ಸಿಗ್ನಲ್ ಹೆಚ್ಚಳ, ಸಿಗುತ್ತದೆ. ಕರಾವಳಿಯೂ ಬೇಕಾದರೆ ಒಂದೊಂದನ್ನು ಮಾಸ್ಟ್ ಸುತ್ತ 90 ಡಿಗ್ರಿ ತಿರುಗಿಸುತ್ತಾ ಹೋಗಿ. ಸುತ್ತಲೂ ಸುಮಾರು 6 ಡಿಬಿಡಿ.

145 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗ (ತರಂಗದ ಉದ್ದದ ಕಾಲುಭಾಗ) 52 ಸೆಂ.ಮೀ. ಡೈಪೋಲ್‌ಗಳನ್ನು ಮಾಸ್ಟ್‌ನಿಂದ ಅಷ್ಟು ದೂರವಿಡಿ. ಹಾರ್ನೆಸ್‌ನ (ನಾಲ್ಕೂ ಡೈಪೋಲ್‌ಗಳನ್ನು ಒಂದಾಗಿ ಜೋಡಿಸುವ ಕೇಬಲ್‌ಗಳು) 75 ಓಮ್ ಕೇಬಲ್ ತುಂಡನ್ನು ಮಾತ್ರ 52ಕ್ಕೆ ಕತ್ತರಿಸಬೇಡಿ! ಗಟ್ಟಿ ಪಾಲಿಥಿನ್ ಕೇಬಲ್‌ನ ವೆಲಾಸಿಟಿ ಫ್ಯಾಕ್ಟರ್ (ಬಯಲಿನ ವೇಗದಲ್ಲಿ ಎಷ್ಟು ಪಾಲು ವೇಗದಿಂದ ತರಂಗ ಕೇಬಲ್‌ನೊಳಗೆ ಸಾಗುತ್ತದೆ ಎಂಬುದು) 0.66, ಹಾಗಾಗಿ 34 ಸೆಂ.ಮೀ. ಅದು ಗಿಡ್ಡವಾಯಿತೆಂದರೆ ಮೂರು ಪಟ್ಟು, 102.

ಹೆಚ್ಚಿನವರು ಎಡವುವುದು ಫೇಸ್‌ನಲ್ಲಿ, ಅಂದರೆ ನಾಲ್ಕೂ ತರಂಗಗಳ ಏರಿಳಿತವನ್ನು ಹೊಂದಿಸುವುದರಲ್ಲಿ. ಪ್ರತಿ ಡೈಪೋಲ್‌ನಲ್ಲೂ ಕೇಬಲ್‌ನ ಒಳತಂತಿ ಸೇರುವ ಬದಿ ಮೇಲಕ್ಕೇ ಇರಲಿ. ಒಂದು ತಲೆಕೆಳಗಾದರೂ ಮೂರರಲ್ಲಿ ಒಂದು ಕಳೆದು ಎರಡರ ಬಲವಷ್ಟೇ ಉಳಿಯುತ್ತದೆ, ಅಂದರೆ 6 ಡಿಬಿ ನಷ್ಟ. ಎರಡು ತಿರುಗಿದರೆ ದಿಗಂತದ ಕಡೆ ಸಿಗ್ನಲ್ಲೇ ಇಲ್ಲ. ಆಂಟೆನಾ ಕಡೆಯಿಂದ ಪವರ್ ಎಷ್ಟು ಮರಳುತ್ತಿದೆ ಎಂದು ಹೇಳುವ ಎಸ್‌ಡಬ್ಲ್ಯುಆರ್ ಮೀಟರ್ ಆಗಲೂ 1.3ರಂಥ ಒಳ್ಳೆಯ ಅಂಕಿ ತೋರಿಸುತ್ತಾ ಕೂತಿರಬಹುದು, ಅದನ್ನು ನಂಬಬೇಡಿ. ನೆಲದ ಮೇಲೇ ಬಣ್ಣದ ಗುರುತು ಹಾಕಿ ಮೇಲೇರಿ.

ಮಳೆಗಾಲದ ನಂತರ ಎಸ್‌ಡಬ್ಲ್ಯುಆರ್ ಮೊದಲಿಗಿಂತಲೂ ‘ಚೆನ್ನಾಗಿ’ ಕಂಡರೆ ಅನುಮಾನಿಸಿ: ಕೇಬಲ್‌ಗೆ ನೀರು ಹೊಕ್ಕು ಪವರ್ ಅಲ್ಲೇ ಕರಗುತ್ತಿರಬಹುದು. ಕನೆಕ್ಟರ್ ಬಿಚ್ಚಿ ನೋಡಿ, ಹೆಣಿಗೆ ತಾಮ್ರ ಕಪ್ಪಾಗಿದ್ದರೆ ಆ ಕೇಬಲ್ ಬದಲಿಸಿ. ಹೊಸ ಜೋಡಣೆಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ.