ಪದ್ಯ ಅರ್ಧಕ್ಕೇ ಯಾಕೆ ನಿಂತಿತು?

ಪ್ರಿಯ ವಿದ್ಯಾರ್ಥಿ ಮಿತ್ರರೆ,

‘ಗದಾಯುದ್ಧದಲ್ಲಿ ದುರ್ಯೋಧನನ ಛಲ’ ಲೇಖನ ತಲುಪಿತು. ಚಿತ್ರದುರ್ಗದಿಂದ ಎಂ.ಎ. ಓದುತ್ತಿರುವವರೊಬ್ಬರು ರನ್ನನ ಮೇಲೆ ಬರೆದು ದಾವಣಗೆರೆಯ ನಮ್ಮ ಪತ್ರಿಕೆಗೆ ಕಳಿಸಿದ್ದು ಸಂತೋಷ. ಕಾಗುಣಿತ ಶುದ್ಧವಾಗಿದೆ, ಬರವಣಿಗೆಗೆ ಓಟವೂ ಇದೆ. ಆದರೆ ಮೂರನೆಯ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಈ ಪತ್ರ ಆ ಪುಟದ ಬಗ್ಗೆ ಮಾತ್ರ.

ನೀವು ಬರೆದದ್ದು: “ರಣರಂಗದಲ್ಲಿ ಸತ್ತವರನ್ನು ಕಂಡು ದುಃಖಿಸಿದರೂ ದುರ್ಯೋಧನ ಛಲ ಬಿಡುವುದಿಲ್ಲ. ‘ನೆಲಕಿಱಿವೆನೆಂದು ಬಗೆದಿರೆ ಚಲಕಿಱಿವೆಂ’ ಎಂದು ಭೀಷ್ಮನಿಗೆ ಹೇಳುವಲ್ಲಿ ಆತನ ಹಠಮಾರಿತನವನ್ನು ಕಾಣಬಹುದಾಗಿದೆ. ಈ ಛಲವೇ ಅವನ ದುರಂತಕ್ಕೆ ಕಾರಣ ಎಂದರೆ ತಪ್ಪಾಗಲಾರದು.”

ಪದ್ಯವನ್ನು ಅಲ್ಲಿಗೇ ನಿಲ್ಲಿಸಿದ್ದು ಯಾಕೆ? ಗೈಡಿನಲ್ಲಿ ಅಷ್ಟೇ ಇತ್ತೆ? ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿಸುವ ಕಂದಪದ್ಯ ಇದು. ಪೂರ್ತಿ ಓದಿ:

ನೆಲಕಿಱಿವೆನೆಂದು ಬಗೆದಿರೆ
ಚಲಕಿಱಿವೆಂ ಪಾಂಡುಸುತರೊಳೀ ನೆಲನಿದು ಪಾೞ್
ನೆಲನೆನಗೆ ದಿನಪಸುತನಂ
ಕೊಲಿಸಿದ ನೆಲನೊಡನೆ ಮತ್ತೆ ಪುದುವಾೞ್ದಪೆನೇ

ಸಂಧಿ ಮಾಡಿಕೋ ಎಂದ ಅಜ್ಜನಿಗೆ ಮೊಮ್ಮಗ ಕೊಡುವ ಉತ್ತರ. ನೆಲಕ್ಕಾಗಿ ಕಾದುತ್ತೇನೆಂದುಕೊಂಡಿರಾ, ಛಲಕ್ಕಾಗಿ ಕಾದುತ್ತೇನೆ. ಈ ನೆಲ ನನಗೆ ಪಾಳು. ಕರ್ಣನನ್ನು ಕೊಲ್ಲಿಸಿದ ನೆಲದೊಡನೆ ಮತ್ತೆ ಕೂಡಿ ಬಾಳಲೇ? ಮೊದಲ ಸಾಲಲ್ಲಿ ಛಲ ಎಂದವನು ಕೊನೆಯ ಸಾಲಲ್ಲಿ ಅದು ಹುಟ್ಟಿದ್ದೆಲ್ಲಿ ಎಂದು ತಾನೇ ಹೇಳುತ್ತಿದ್ದಾನೆ. ನೀವು ಛಲವನ್ನು ಇಟ್ಟುಕೊಂಡು ಕರ್ಣನನ್ನು ಬಿಟ್ಟಿರಿ. ಪದ್ಯ ತುಂಡಾದ ಜಾಗದಲ್ಲೇ ದುರ್ಯೋಧನನೂ ತುಂಡಾದ.

ಈಗ ‘ದುಃಖಿಸಿದರೂ ಛಲ ಬಿಡುವುದಿಲ್ಲ’ ಎಂಬ ಮಾತಿಗೆ ಬನ್ನಿ. ದುಃಖ ಒಂದು ಕಡೆ, ಛಲ ಇನ್ನೊಂದು ಕಡೆ ಎಂದಾಯಿತು. ರನ್ನನಲ್ಲಿ ಹಾಗಿಲ್ಲ. ದುಃಖಿಸಿದ್ದರಿಂದಲೇ ಬಿಡುವುದಿಲ್ಲ.

ಇನ್ನು ‘ಸತ್ತವರನ್ನು ಕಂಡು’. ಎರಡೇ ಪದ! ಸಂಜಯನ ಜೊತೆ ಹೆಣಗಳ ನಡುವೆ ನಡೆದು ಬರುವ ಆ ಭಾಗವೇ ಕಾವ್ಯದ ಜೀವ. ಅಲ್ಲಿ ಅವನು ಅಭಿಮನ್ಯುವಿನ ಹೆಣದ ಮುಂದೆ ನಿಲ್ಲುತ್ತಾನೆ. ಹಗೆಯ ಮಗ. ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡುತ್ತಾನೆ. ಹಠಮಾರಿ ಹೀಗೆ ಬೇಡುವನೇ? ದುಶ್ಶಾಸನನ ಹತ್ತಿರ, ತಾಯಿಯ ಮೊಲೆಹಾಲನ್ನು ಮೊದಲು ಕುಡಿದವನು ನಾನು, ಆಮೇಲೆ ನೀನು; ಸಾವಿನಲ್ಲಿ ಮಾತ್ರ ನನ್ನನ್ನು ಹಿಂದಿಟ್ಟು ಮುಂದೆ ಹೋದೆಯಲ್ಲ ಎಂದು ಅಳುತ್ತಾನೆ. ಇವಿಷ್ಟನ್ನೂ ದಾಟಿಕೊಂಡೇ ಅವನು ಭೀಷ್ಮನ ಬಳಿ ಬಂದಿರುವುದು. ನಿಮ್ಮ ಲೇಖನದ ದುರ್ಯೋಧನ ಎಲ್ಲಿಂದಲೂ ನಡೆದು ಬಂದಿಲ್ಲ.

ನಾನು ಕೆಲಸ ಕಲಿತದ್ದು ಮಂಡಿಪೇಟೆ ಹಿಂದಿನ ಒಂದು ಅಚ್ಚುಕೂಟದಲ್ಲಿ, ಮೊಳೆ ಜೋಡಿಸುವ ಕಾಲದಲ್ಲಿ. ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ, ಕರಡು ಹಿಡಿದು ತಿದ್ದುವುದು ಹಿರಿಯರ ಕೆಲಸ. ಹಳಗನ್ನಡದ ಪದ್ಯ ಬಂತೆಂದರೆ ಮೊಳೆ ಜೋಡಿಸುವವರು ಗೊಣಗುತ್ತಿದ್ದರು: ಱ, ೞ ಮೊಳೆಗಳು ಕೇಸಿನಲ್ಲಿ ಬೆರಳೆಣಿಕೆ. ಮೇಲಿನ ಕಂದದಲ್ಲೇ ಎರಡೂ ಎರಡೆರಡು ಸಲ ಬಂದಿವೆ ನೋಡಿ. ಎರಡು ಸಾಲು ಸಾಕಲ್ಲವೇ ಸಾರ್ ಎಂದು ಅವರು ಕೇಳಿದರೆ ಹಿರಿಯರದು ಒಂದೇ ಉತ್ತರ: “ಪದ್ಯ ನಾಲ್ಕು ಸಾಲಿದ್ದರೆ ನಾಲ್ಕೂ ಬರಬೇಕು. ಜಾಗ ಸಾಲದಿದ್ದರೆ ಲೇಖಕರದ್ದು ತೆಗೀರಿ.” ಲೇಖಕರು ಎದುರಿಗೇ ಕೂತಿದ್ದರೂ ಹೀಗೇ ಹೇಳುತ್ತಿದ್ದರು. ಬೇಸರಪಟ್ಟುಕೊಂಡು ಎದ್ದು ಹೋದವರೂ ಉಂಟು. ಗಟ್ಟಿಯಾಗಿ ಓದಿ ಓದಿ ನನ್ನ ಗಂಟಲು ಬಿದ್ದುಹೋಗುತ್ತಿತ್ತು, ಆದರೆ ಗದಾಯುದ್ಧದ ಎಷ್ಟೋ ಪದ್ಯಗಳು ನನಗೆ ಬಂದದ್ದು ಹಾಗೆಯೇ. ಕಾಲೇಜಿನಲ್ಲಿ ಕಲಿತದ್ದಲ್ಲ.

‘ಎಂದರೆ ತಪ್ಪಾಗಲಾರದು’ ನಿಮ್ಮಲ್ಲಿ ಏಳು ಸಲ ಬಂದಿದೆ. ತಪ್ಪಾದರೆ ಆಗಲಿ ಮಾರಾಯರೆ, ಹೇಳಿಬಿಡಿ. ‘ಕಾಣಬಹುದಾಗಿದೆ’ ಯಾರಿಗೆ? ನೀವು ಕಂಡಿದ್ದರೆ ಕಂಡೆ ಎನ್ನಿ. ಪರೀಕ್ಷೆಯ ಉತ್ತರಪತ್ರಿಕೆಗೆ ಈ ಭಾಷೆ ನಡೆಯುತ್ತದೆ, ಪತ್ರಿಕೆಗೆ ನಡೆಯದು.

ರನ್ನ ನಾಯಕನೆಂದು ಆರಿಸಿಕೊಂಡದ್ದು ಭೀಮನನ್ನು, ಅವನನ್ನು ದೊರೆ ಸತ್ಯಾಶ್ರಯನೊಡನೆ ಸಮೀಕರಿಸಿದ, ಕೊನೆಗೆ ಪಟ್ಟಾಭಿಷೇಕವನ್ನೂ ಮಾಡಿಸಿದ. ಇದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಇರಲಿ, ಅದು ಬೇರೆ ಲೇಖನದ ಮಾತು.

ಅರಿಸ್ಟಾಟಲನ ಎರಡು ಪ್ಯಾರಾ ತೆಗೆದುಹಾಕಿ. ದುರಂತ ನಾಯಕ ಬೀಳುವುದು ತನ್ನದೇ ಒಂದು ದೋಷದಿಂದ ಎಂಬ ಅವನ ಅಳತೆಗೆ ದುರ್ಯೋಧನನನ್ನು ಹೊಂದಿಸಲು ಹೋಗಿಯೇ ನಿಮಗೆ ಒಂದು ‘ದೋಷ’ ಬೇಕಾಯಿತು, ಛಲ ಕೈಗೆ ಸಿಕ್ಕಿತು. ಉಳಿದ ಜಾಗವನ್ನು ಕರ್ಣನ ಹೆಣದ ಮುಂದಿನ ಮಾತಿಗೆ ಕೊಡಿ. ಕರ್ಣ ಕುಂತಿಯ ಮಗನೆಂದು ದುರ್ಯೋಧನನಿಗೆ ಗೊತ್ತಿತ್ತು ಎಂದು ರನ್ನ ಅಲ್ಲಿ ಅವನ ಬಾಯಲ್ಲೇ ಹೇಳಿಸುತ್ತಾನೆ. ಅಂದರೆ ಸಂಧಿ ಮಾಡಿಕೊಳ್ಳಬೇಕಾದದ್ದು ಕರ್ಣನ ತಮ್ಮಂದಿರ ಜೊತೆ, ಅವನನ್ನು ಕೊಂದವರ ಜೊತೆ. ಅದನ್ನು ತಿಳಿದೇ ಅವನು ಅಜ್ಜನ ಮುಂದೆ ನಿಂತಿದ್ದಾನೆ. ‘ಆನಱಿವೆಂ ಪೃಥೆಯಱಿವಳ್’ (ನಾನು ಬಲ್ಲೆ, ಕುಂತಿ ಬಲ್ಲಳು) ಎಂದು ಆ ಪದ್ಯ ಶುರುವಾಗುತ್ತದೆ. ನಾನು ಬೇಕೆಂದೇ ಇಲ್ಲಿಗೆ ನಿಲ್ಲಿಸಿದ್ದೇನೆ. ಉಳಿದದ್ದನ್ನು ನೀವು ಕೈಯಲ್ಲಿ ಬರೆದು, ಲೇಖನದ ಜೊತೆ ಕಳಿಸಿ.