ಅಣೆಕಟ್ಟಿನಿಂದ ಸರಾಸರಿ ಹರಿವು ಬಿಟ್ಟರೆ ವಲಸೆ ಮೀನಿಗೆ ಸಾಕಲ್ಲವೇ?

ಸಾಲದು. ಮೀನಿಗೆ ಸರಾಸರಿಗಿಂತ ಮುಖ್ಯವಾದದ್ದು ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂಬುದು.

ಅಮೆರಿಕದ ಕೊಲಂಬಿಯಾ ನದಿಯಲ್ಲಿ ಪ್ರೀಸ್ಟ್ ರ‍್ಯಾಪಿಡ್ಸ್ ಅಣೆಕಟ್ಟಿನ ಕೆಳಗಿನ ಹ್ಯಾನ್‌ಫೋರ್ಡ್ ಭಾಗವನ್ನೇ ನೋಡಿ. ಅಕ್ಟೋಬರ್–ನವೆಂಬರ್‌ನಲ್ಲಿ ಹೆಣ್ಣು ಚಿನೂಕ್ ಸಾಲ್ಮನ್ ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ, ಅದೂ ಹೆಚ್ಚಾಗಿ ಹಗಲಲ್ಲಿ. ವಿದ್ಯುತ್ ಬೇಡಿಕೆಯೂ ಹಗಲೇ ಹೆಚ್ಚು. ಆಗ ನೀರು ಜಾಸ್ತಿ ಬಿಟ್ಟರೆ ಮೀನು ದಡದ ಎತ್ತರದಲ್ಲಿ ಗೂಡು ಮಾಡುತ್ತದೆ. ಹರಿವು ಇಳಿದಾಗ ಗೂಡು ಒಣ ಜಲ್ಲಿಯ ಪಾಲು. ತೇವವಿದ್ದರೆ ಮೊಟ್ಟೆ ಕೆಲಕಾಲ ತಾಳುತ್ತದೆ. ಒಡೆದು ಬಂದ ಮರಿ ತಾಳದು, ಅದಕ್ಕೆ ಕಿವಿರು ಒದ್ದೆಯಾಗಿದ್ದರೆ ಸಾಲದು, ಹರಿಯುವ ನೀರೇ ಬೇಕು.

ಹಾಗಾಗಿ ಅಲ್ಲಿ 1988ರ ಒಪ್ಪಂದದಿಂದೀಚೆಗೆ ಲೆಕ್ಕ ತಿರುಗುಮುರುಗು: ಮೊಟ್ಟೆಯಿಡುವ ಕಾಲದಲ್ಲಿ ಹಗಲು ಹರಿವು ಕಡಿಮೆ (ಸುಮಾರು 55–70 ಸಾವಿರ ಕ್ಯೂಸೆಕ್), ಹೆಚ್ಚಿನ ನೀರು ರಾತ್ರಿಗೆ. ಆಮೇಲೆ ಗೂಡು ಎಣಿಸಿ, ಮರಿಗಳು ಜಲ್ಲಿಯಿಂದ ಹೊರಬರುವವರೆಗೆ ಅವು ಮುಳುಗಿರುವಷ್ಟು ಕನಿಷ್ಠ ಹರಿವು.

ವಸಂತದಲ್ಲಿ ಇನ್ನೊಂದು ಅಪಾಯ: ಹರಿವು ಗಂಟೆಗಂಟೆಗೂ ಏರಿಳಿದರೆ ಮರಿಗಳು ದಡದ ಹೊಂಡಗಳಲ್ಲಿ ಸಿಕ್ಕಿಬೀಳುತ್ತವೆ. ನಮ್ಮಲ್ಲಿ ಬರೀ ‘ಕನಿಷ್ಠ ಹರಿವು’ ಎಂದು ವಾದಿಸುವವರು ಮರೆಯುವುದು ಇದನ್ನೇ.