ಹಾಟ್ ಸೀಟಿಗೆ ಹೋಗುವ ಮೊದಲು ಮನೆಯಲ್ಲೇ ಮುಗಿಸಬೇಕಾದ ತೀರ್ಮಾನಗಳು

ನಮಸ್ಕಾರ. ತಂಗಿ ಟಿವಿ ರಸಪ್ರಶ್ನೆ ಕಾರ್ಯಕ್ರಮಕ್ಕೆ ಆಯ್ಕೆಯಾಗಿದ್ದಾಳೆ, ಚಿತ್ರೀಕರಣಕ್ಕೆ ಇನ್ನೂ ಕೆಲವು ವಾರಗಳಿವೆ, ಸಾಮಾನ್ಯ ಜ್ಞಾನದ ಯಾವ ಪುಸ್ತಕ ಕೊಡಿಸಲಿ ಎಂದು ಕೇಳಿದ್ದೀರಿ. ಅಷ್ಟೊಂದು ಓದಿಕೊಂಡವರೂ ನಡುವಿನ ಹಂತದಲ್ಲೇ ಎದ್ದು ಬರುವುದು ಏಕೆ ಎಂದೂ ಕೇಳಿದ್ದೀರಿ. ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದು ತಾನಾಗಿ ಬಗೆಹರಿಯುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪುಸ್ತಕ ಬೇಡ ಎನ್ನುವುದಿಲ್ಲ. ಆದರೆ ಈ ಕಾರ್ಯಕ್ರಮಗಳನ್ನು ಬಹಳ ವರ್ಷಗಳಿಂದ ಕಾಗದ, ಪೆನ್ನು ಹಿಡಿದು ನೋಡುತ್ತ ಬಂದವನಾಗಿ ಒಂದು ಮಾತು. ಗೊತ್ತಿಲ್ಲದ ಪ್ರಶ್ನೆ ಎಂಥ ಪಂಡಿತರಿಗೂ ಬಂದೇ ಬರುತ್ತದೆ. ಅದು ಬಂದಾಗ ಏನು ಮಾಡುವುದು ಎಂಬ ತೀರ್ಮಾನವನ್ನು ಹೆಚ್ಚಿನ ಸ್ಪರ್ಧಿಗಳು ಮನೆಯಿಂದ ಹೊತ್ತು ತಂದಿರುವುದಿಲ್ಲ. ಕಣ್ಣಿಗೆ ಹೊಡೆಯುವ ದೀಪ, ಓಡುವ ಗಡಿಯಾರ, ಎದುರಿಗೆ ಹೆಸರಾಂತ ನಿರೂಪಕ: ಇವುಗಳ ನಡುವೆ ಕುಳಿತು ಲಾಭ ನಷ್ಟ ತೂಗಲು ಯಾರಿಂದಲೂ ಆಗುವುದಿಲ್ಲ. ಆಗ ಮನಸ್ಸು ಭಯದ ಕಡೆಗೋ ಆಸೆಯ ಕಡೆಗೋ ಜಾರುತ್ತದೆ. ನೋಡುವಾಗ ನನಗೆ ನಿಜವಾಗಿ ಸಂಕಟವಾಗುವುದು ಅಲ್ಲೇ. ಇಷ್ಟು ದೂರ ಬಂದು, ಒಂದು ಸಂಜೆಯ ಲೆಕ್ಕ ಮಾಡಿಕೊಳ್ಳದ ಕಾರಣಕ್ಕೆ ಕೈಗೆ ಬಂದದ್ದನ್ನು ಬಿಟ್ಟು ಹೋಗುತ್ತಾರೆ.

ಆ ಲೆಕ್ಕವನ್ನೇ ಮೊದಲು ನೋಡೋಣ. 'ಕೌನ್ ಬನೇಗಾ ಕರೋಡ್‌ಪತಿ' 2000ದಲ್ಲಿ ಶುರುವಾದಾಗಿನ ಹದಿನೈದು ಪ್ರಶ್ನೆಗಳ ಪಟ್ಟಿಯನ್ನು ತೆಗೆದುಕೊಳ್ಳುತ್ತೇನೆ. ಅದರಲ್ಲಿ 10,000 ಮತ್ತು 3,20,000 ರೂಪಾಯಿ ಸುರಕ್ಷಿತ ಹಂತಗಳು. ತಪ್ಪು ಉತ್ತರ ಕೊಟ್ಟರೆ ದಾಟಿ ಬಂದ ಕೊನೆಯ ಸುರಕ್ಷಿತ ಹಂತಕ್ಕೆ ಬೀಳುತ್ತೀರಿ, ಉತ್ತರ ಕೊಡದೆ ಆಟ ಬಿಟ್ಟರೆ ಆವರೆಗಿನ ಹಣ ನಿಮ್ಮದು. ಈಗ 6,40,000ದಲ್ಲಿ ಇದ್ದೀರಿ, ಮುಂದಿನ ಪ್ರಶ್ನೆ 12,50,000ಕ್ಕೆ ಎಂದುಕೊಳ್ಳಿ. ಸರಿಯಾದರೆ 6,10,000 ಹೆಚ್ಚು ಸಿಗುತ್ತದೆ, ತಪ್ಪಾದರೆ 3,20,000 ಹೋಗುತ್ತದೆ. ಸರಿಯಾಗುವ ಸಾಧ್ಯತೆ ಶೇಕಡಾ 34ರಷ್ಟು ಇದ್ದರೆ ಎರಡೂ ತಕ್ಕಡಿ ಸಮ. ಅದಕ್ಕಿಂತ ಹೆಚ್ಚಿದ್ದರೆ ಆಡುವುದೇ ಲಾಭ. ಅಂದರೆ ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ಹೊರಗಿಡಬಲ್ಲವರಿಗೆ ಉಳಿದ ಎರಡರಲ್ಲಿ ಯಾವುದೆಂದು ಗೊತ್ತಿಲ್ಲದಿದ್ದರೂ ಲೆಕ್ಕ ಅವರ ಪರವಾಗಿಯೇ ಇದೆ. ಒಂದನ್ನು ಮಾತ್ರ ಹೊರಗಿಡಬಲ್ಲವರು ಗೆರೆಯ ಅಂಚಿನಲ್ಲಿದ್ದಾರೆ. ಏನೂ ಗೊತ್ತಿಲ್ಲದವರು ನಿಲ್ಲಿಸಬೇಕು.

ಮೇಲೆ ಹೋದಂತೆ ಈ ಗೆರೆ ಏರುತ್ತದೆ. 25 ಲಕ್ಷದ ಪ್ರಶ್ನೆಗೆ ಸುಮಾರು ಶೇಕಡಾ 43, 50 ಲಕ್ಷಕ್ಕೆ 47, ಒಂದು ಕೋಟಿಗೆ 48. ಅದೇ 3,20,000ವನ್ನು ಆಗತಾನೇ ಮುಟ್ಟಿದವರಿಗೆ ಮುಂದಿನ ಪ್ರಶ್ನೆಯಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಕಣ್ಣು ಮುಚ್ಚಿ ಒಂದು ಆಯ್ಕೆ ಹೇಳಿದರೂ ನಷ್ಟವಿಲ್ಲ. ಅಲ್ಲಿ ಆಟ ಬಿಡುವುದಕ್ಕೆ ಯಾವ ಕಾರಣವೂ ಇಲ್ಲ. ತಂಗಿ ಆಡುವ ಆವೃತ್ತಿಯ ಮೊತ್ತಗಳು, ಸುರಕ್ಷಿತ ಹಂತಗಳು ಬೇರೆ ಇರಬಹುದು, ನಿಯಮಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಅವರಿಗೆ ಕೊಟ್ಟಿರುವ ನಿಯಮಾವಳಿ ಮುಂದಿಟ್ಟುಕೊಂಡು ಇದೇ ರೀತಿ ಪ್ರತಿ ಹಂತಕ್ಕೂ ಒಂದು ಶೇಕಡಾವಾರು ಬರೆದುಕೊಳ್ಳಿ. ತಪ್ಪಾದರೆ ಹೋಗುವ ಹಣವನ್ನು, ಹೋಗುವ ಹಣ ಮತ್ತು ಬರುವ ಹಣ ಎರಡರ ಮೊತ್ತದಿಂದ ಭಾಗಿಸಿದರೆ ಆಯಿತು.

ಎಲ್ಲರ ಹಣದ ಅಗತ್ಯ ಒಂದೇ ಅಲ್ಲ, ನಿಜ. ತಲೆಯ ಮೇಲೆ ಸಾಲವಿದ್ದವರಿಗೆ ಕೈಯಲ್ಲಿರುವ ಆರು ಲಕ್ಷ, ಬರಬಹುದಾದ ಹನ್ನೆರಡು ಲಕ್ಷಕ್ಕಿಂತ ದೊಡ್ಡದಾಗಿರಬಹುದು. ಅಂಥವರು ಗೆರೆಯನ್ನು ಮೇಲಕ್ಕೆ ಎಳೆದುಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಎಳೆಯುವುದು ಮನೆಯಲ್ಲಿ, ಮನೆಯವರೆಲ್ಲ ಕುಳಿತು. 'ಈ ಮೊತ್ತದ ನಂತರ ಶೇಕಡಾ 70ರಷ್ಟು ನಂಬಿಕೆ ಇದ್ದರೆ ಮಾತ್ರ ಆಡುತ್ತೇನೆ' ಎಂದು ಬರೆದು ಇಟ್ಟುಕೊಳ್ಳಲಿ. ತೆರಿಗೆಯನ್ನೂ ಆಗಲೇ ತಿಳಿದುಕೊಂಡಿರಲಿ. ನಮ್ಮಲ್ಲಿ ಇಂಥ ಬಹುಮಾನಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್. 12,50,000ದಲ್ಲಿ ಕೈಗೆ ಬರುವುದು 8,60,000. ಕಡಿತ ಎಲ್ಲ ಹಂತಕ್ಕೂ ಒಂದೇ ಪ್ರಮಾಣದಲ್ಲಿ ಇರುವವರೆಗೆ ಮೇಲಿನ ಶೇಕಡಾವಾರುಗಳು ಬದಲಾಗುವುದಿಲ್ಲ. ಆದರೆ ಮನೆಯ ಲೆಕ್ಕ ಬದಲಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಶೇಕಡಾ 70 ನಂಬಿಕೆ ಇದೆ ಎಂದು ತಂಗಿಗೆ ಗೊತ್ತಾಗುವುದು ಹೇಗೆ? ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಇದೇ ಅತಿ ಮುಖ್ಯ ಅಭ್ಯಾಸ, ಇದನ್ನೇ ಯಾರೂ ಮಾಡುವುದಿಲ್ಲ. ದಿನವೂ ಅಭ್ಯಾಸದ ಪ್ರಶ್ನೆಗಳಿಗೆ ಉತ್ತರ ಬರೆಯುವಾಗ ಪಕ್ಕದಲ್ಲಿ ತನಗೆಷ್ಟು ಖಚಿತ ಎಂಬುದನ್ನೂ ಬರೆಯಲಿ: 30, 50, 70, 90. ವಾರದ ಕೊನೆಯಲ್ಲಿ '90' ಎಂದು ಬರೆದ ಉತ್ತರಗಳನ್ನಷ್ಟೇ ಒಂದು ಕಡೆ ಸೇರಿಸಿ, ಎಷ್ಟು ಸರಿಯಾಗಿವೆ ನೋಡಿ. ಹತ್ತರಲ್ಲಿ ಒಂಬತ್ತು ಸರಿಯಿದ್ದರೆ ಅವರ ಅಂದಾಜನ್ನು ನಂಬಬಹುದು. ಹತ್ತರಲ್ಲಿ ಆರೇ ಸರಿಯಿದ್ದರೆ, ಅವರ ಮನಸ್ಸು 'ಖಂಡಿತ' ಎಂದಾಗ ಅದರ ಅರ್ಥ 'ಇರಬಹುದು' ಎಂದು. ಕೆಲವರಲ್ಲಿ ತಿರುಗುಮುರುಗು: '50' ಎಂದದ್ದೆಲ್ಲ ಸರಿಯಾಗಿರುತ್ತದೆ. ಅಂಥವರು ವೇದಿಕೆಯಲ್ಲಿ ಸರಿಯುತ್ತರ ನಾಲಗೆಯ ತುದಿಯಲ್ಲಿದ್ದೂ ಆಟ ಬಿಟ್ಟು ಬರುತ್ತಾರೆ. ವಿಷಯವಾರು ಬೇರ್ಪಡಿಸಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಇತಿಹಾಸದಲ್ಲಿ ನಂಬಬಹುದಾದ ಅಂದಾಜು ಕ್ರೀಡೆಯಲ್ಲಿ ಪೂರ್ತಿ ಕೈಕೊಡಬಹುದು.

ಇನ್ನು ಲೈಫ್‌ಲೈನ್‌ಗಳ ವಿಷಯ, ಅಂದರೆ ಉತ್ತರ ಗೊತ್ತಿಲ್ಲದಾಗ ಪಡೆಯಬಹುದಾದ ಸಹಾಯಗಳು: ಪ್ರೇಕ್ಷಕರ ಮತ, ಗೆಳೆಯರಿಗೆ ಫೋನ್, ಎರಡು ತಪ್ಪು ಆಯ್ಕೆಗಳನ್ನು ತೆಗೆಸುವ ಫಿಫ್ಟಿ ಫಿಫ್ಟಿ. ಎರಡು ಬಗೆಯ ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ಮೊದಲ ಪ್ರಶ್ನೆಗಳಲ್ಲೇ ಗಾಬರಿಯಿಂದ ಖರ್ಚು ಮಾಡುವುದು. ಇನ್ನೊಂದು, ಮುಂದಕ್ಕೆ ಬೇಕಾಗುತ್ತದೆ ಎಂದು ಬಿಗಿಯಾಗಿ ಹಿಡಿದುಕೊಂಡು ತಪ್ಪು ಉತ್ತರ ಕೊಟ್ಟು, ಲೈಫ್‌ಲೈನ್ ಬಳಸದೆಯೇ ಹೊರಬರುವುದು. ಎರಡನೆಯದು ಹೆಚ್ಚು ನೋವು ಕೊಡುತ್ತದೆ. ಅಮೆರಿಕದ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಕಾರ್ಯಕ್ರಮದಲ್ಲಿ 1999ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಪೂರ್ತಿ ಮೊತ್ತ ಗೆದ್ದ ಜಾನ್ ಕಾರ್ಪೆಂಟರ್ ಕೊನೆಯ ಪ್ರಶ್ನೆಯವರೆಗೆ ಒಂದೂ ಲೈಫ್‌ಲೈನ್ ಬಳಸಿರಲಿಲ್ಲ. ಆಗಲೂ ತಂದೆಗೆ ಕರೆ ಮಾಡಿದ್ದು ಸಹಾಯ ಕೇಳಲಿಕ್ಕಲ್ಲ, ತಾನು ಗೆಲ್ಲಲಿದ್ದೇನೆ ಎಂದು ಹೇಳಲಿಕ್ಕೆ. ಆ ದೃಶ್ಯ ಎಲ್ಲರ ಮನಸ್ಸಿನಲ್ಲಿ ಕೂತಿದೆ, ಅದನ್ನು ಮಾದರಿ ಮಾಡಿಕೊಳ್ಳುವುದು ಬೇಡ. ಅವರಿಗೆ ಉತ್ತರಗಳು ಗೊತ್ತಿದ್ದವು, ಅಷ್ಟೇ.

ಪ್ರೇಕ್ಷಕರ ಮತ ಹೇಗೆ ಕೆಲಸ ಮಾಡುತ್ತದೆ ಎಂದು ತಂಗಿಗೆ ಬಿಡಿಸಿ ಹೇಳಿ. ಉತ್ತರ ಗೊತ್ತಿರುವವರೆಲ್ಲ ಒಂದೇ ಆಯ್ಕೆಗೆ ಒತ್ತುತ್ತಾರೆ, ಗೊತ್ತಿಲ್ಲದವರು ನಾಲ್ಕಕ್ಕೂ ಹಂಚಿಹೋಗುತ್ತಾರೆ. ಆದ್ದರಿಂದ ನೂರರಲ್ಲಿ ಇಪ್ಪತ್ತು ಜನಕ್ಕೆ ಗೊತ್ತಿದ್ದರೂ ಸರಿಯುತ್ತರ ಎದ್ದು ಕಾಣುತ್ತದೆ. ಸಿನಿಮಾ, ಕ್ರಿಕೆಟ್, ಪುರಾಣ, ಇತ್ತೀಚಿನ ಸುದ್ದಿ: ಇವುಗಳಲ್ಲಿ ಅದು ಗಟ್ಟಿ. ಯಾರಿಗೂ ಗೊತ್ತಿಲ್ಲದ ಕಷ್ಟದ ಪ್ರಶ್ನೆಗೆ ನಾಲ್ಕೂ ಕಂಬಗಳು ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತವೆ, ಆಗ ಅದು ದಂಡ. ಎಲ್ಲರೂ ತಪ್ಪಾಗಿ ನಂಬಿರುವ ವಿಷಯ ಬಂದರೆ ದಂಡವಷ್ಟೇ ಅಲ್ಲ, ಅಪಾಯ. ಆಸ್ಟ್ರೇಲಿಯಾದ ರಾಜಧಾನಿ ಕೇಳಿದರೆ (ಸರಿಯುತ್ತರ ಕ್ಯಾನ್‌ಬೆರಾ) ಸಿಡ್ನಿಗೆ ಎಷ್ಟು ಮತ ಬೀಳಬಹುದು ಯೋಚಿಸಿ. ಆದ್ದರಿಂದ ಪ್ರೇಕ್ಷಕರ ಮತವನ್ನು ನಡುವಿನ ಹಂತದೊಳಗೆ ಬಳಸಿ ಮುಗಿಸುವುದು ಒಳ್ಳೆಯದು. ಫೋನ್ ಮತ್ತು ಫಿಫ್ಟಿ ಫಿಫ್ಟಿ ಮೇಲಿನ ಹಂತಕ್ಕೆ ಇರಲಿ. ಒಂದೇ ಪ್ರಶ್ನೆಗೆ ಎರಡನ್ನೂ ಬಳಸಬೇಕಾಗಿ ಬಂದರೆ ಮೊದಲು ಎರಡು ಆಯ್ಕೆ ತೆಗೆಸಿ, ಆಮೇಲೆ ಫೋನ್ ಮಾಡಲಿ. ಗೆಳೆಯರಿಗೆ ಓದಿ ಹೇಳಬೇಕಾದದ್ದು ಅರ್ಧಕ್ಕೆ ಇಳಿಯುತ್ತದೆ.

ಲೈಫ್‌ಲೈನ್ ಎಲ್ಲಿ ಖರ್ಚು ಮಾಡಬೇಕು ಎಂಬುದಕ್ಕೂ ಲೆಕ್ಕವೇ ದಾರಿ. ಸುರಕ್ಷಿತ ಹಂತವನ್ನು ಮುಟ್ಟಿಸುವ ಪ್ರಶ್ನೆ ಇದೆಯಲ್ಲ, ಮೇಲಿನ ಪಟ್ಟಿಯಲ್ಲಿ 3,20,000ದ ಪ್ರಶ್ನೆ, ಅಲ್ಲಿ ಜಿಪುಣತನ ಮಾಡಬಾರದು. ತಪ್ಪಿದರೆ 1,60,000ದಿಂದ 10,000ಕ್ಕೆ ಬೀಳುತ್ತಾರೆ. ಸರಿಯಾದರೆ ಹಣದ ಜೊತೆಗೆ ಮುಂದಿನ ಪ್ರಶ್ನೆಯನ್ನು ಪುಕ್ಕಟೆಯಾಗಿ ಆಡುವ ಹಕ್ಕೂ ಸಿಗುತ್ತದೆ.

ಫೋನಿಗೆ ಕೊಡುವ ಸಮಯ ಮೂವತ್ತು ಸೆಕೆಂಡು. ಎಷ್ಟೋ ಸ್ಪರ್ಧಿಗಳು ಅದರಲ್ಲಿ ಅರ್ಧವನ್ನು ನಮಸ್ಕಾರ, ಕುಶಲೋಪರಿಗೆ ಕೊಟ್ಟುಬಿಡುತ್ತಾರೆ. ಇನ್ನು ಕೆಲವರು ತಮಗೆ ಹತ್ತಿರದವರನ್ನು, ಮನೆಯ ಹಿರಿಯರನ್ನು ಪ್ರೀತಿಯಿಂದ ಪಟ್ಟಿಗೆ ಸೇರಿಸುತ್ತಾರೆ. ಪ್ರೀತಿಗೆ ಬೇರೆ ಜಾಗವಿದೆ. ಪಟ್ಟಿಯಲ್ಲಿ ಇರಬೇಕಾದವರು ತಂಗಿಗೆ ಬಾರದ ವಿಷಯಗಳು ಬರುವವರು. ತಂಗಿ ವಿಜ್ಞಾನ ಓದಿದ್ದರೆ ಸಾಹಿತ್ಯ, ಕಲೆ ಬಲ್ಲ ಒಬ್ಬರು, ಕ್ರೀಡೆಗೆ ಒಬ್ಬರು, ಇತಿಹಾಸ, ರಾಜಕೀಯಕ್ಕೆ ಒಬ್ಬರು. ಗಡಿಯಾರ ಇಟ್ಟುಕೊಂಡು ಅವರ ಜೊತೆ ನಿಜವಾಗಿ ಫೋನಿನಲ್ಲಿ ಅಭ್ಯಾಸ ಮಾಡಿಸಿ. ಮೊದಲು ಪ್ರಶ್ನೆಯ ತಿರುಳು, ಕೂಡಲೇ ಆಯ್ಕೆಗಳು, ಉತ್ತರದ ಜೊತೆಗೆ ಎಷ್ಟು ಖಚಿತ ಎಂಬ ಸಂಖ್ಯೆ. 'ನನಗನಿಸುತ್ತದೆ' ಎಂಬ ಮಾತಿನಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದು ಹೇಳುವ ಧೈರ್ಯ ಇರುವವರನ್ನೇ ಆರಿಸಿ.

ಇದೆಲ್ಲಕ್ಕೂ ಮೊದಲು ದಾಟಬೇಕಾದದ್ದು ಫಾಸ್ಟೆಸ್ಟ್ ಫಿಂಗರ್ ಫಸ್ಟ್, ಅಂದರೆ ಎಲ್ಲರಿಗಿಂತ ಬೇಗ ಸರಿಯಾಗಿ ಉತ್ತರಿಸಿದವರನ್ನು ನಿರೂಪಕರ ಎದುರಿನ ಹಾಟ್ ಸೀಟಿಗೆ ಕರೆಯುವ ಸುತ್ತು. ನಾಲ್ಕು ಹೆಸರುಗಳನ್ನು ಕ್ರಮವಾಗಿ ಜೋಡಿಸುವ ಪ್ರಶ್ನೆಗೆ 24 ಜೋಡಣೆಗಳು ಸಾಧ್ಯ, ಅದರಲ್ಲಿ ಒಂದೇ ಸರಿ. ಇಲ್ಲಿ ಅದೃಷ್ಟ ಕೈಹಿಡಿಯುವುದಿಲ್ಲ, ಆದರೆ ಅಭ್ಯಾಸ ಬಲು ಬೇಗ ಫಲ ಕೊಡುತ್ತದೆ. ಕೇಳುವ ಬಗೆಗಳು ಕೆಲವೇ: ಕಾಲಾನುಕ್ರಮ, ಉತ್ತರದಿಂದ ದಕ್ಷಿಣ ಅಥವಾ ಪಶ್ಚಿಮದಿಂದ ಪೂರ್ವ, ಗಾತ್ರ, ಸಂಖ್ಯೆ. ಪ್ರಧಾನಿಗಳ, ರಾಷ್ಟ್ರಪತಿಗಳ ಕ್ರಮ, ರಾಜವಂಶಗಳ ಕ್ರಮ, ಗ್ರಹಗಳು, ರಾಜ್ಯಗಳು ನಕಾಶೆಯಲ್ಲಿ ಇರುವ ಜಾಗ: ಇವು ಯೋಚಿಸದೆ ಬೆರಳಿಗೆ ಬರಬೇಕು. 'ಏರಿಕೆ' ಎಂದರೋ 'ಇಳಿಕೆ' ಎಂದರೋ ಎಂಬುದನ್ನು ಮೊದಲು ಮನಸ್ಸಿನಲ್ಲಿ ಗುರುತು ಮಾಡಿಕೊಂಡು, ಆಮೇಲೆ ಎರಡು ತುದಿಗಳನ್ನು ಹುಡುಕಿದರೆ ನಡುವಿನ ಎರಡನ್ನು ಕೂರಿಸುವುದು ಸುಲಭ. ನೀವು ದಿನಕ್ಕೆ ಕೆಲವು ಪ್ರಶ್ನೆ ಮಾಡಿ, ಮೊಬೈಲಿನಲ್ಲಿ ಸಮಯ ಹಿಡಿದು ಆಡಿಸಿ.

ನಮ್ಮ ಗುಂಪಿನಲ್ಲಿ ಇನ್ನೊಬ್ಬರು ಬಜರ್ ಇರುವ ಆಟಗಳ ಬಗ್ಗೆ, ಅಂದರೆ ಮೊದಲು ಗುಂಡಿ ಒತ್ತಿದವರಿಗೆ ಉತ್ತರಿಸುವ ಅವಕಾಶ ಸಿಗುವ ಆಟಗಳ ಬಗ್ಗೆ ಕೇಳಿದ್ದಾರೆ. ಮೂವರು ಸ್ಪರ್ಧಿಸುವ ಅಮೆರಿಕದ 'ಜೆಪರ್ಡಿ'ಯಲ್ಲಿ ನಿರೂಪಕರು ಓದಿ ಮುಗಿಸುವ ಮೊದಲೇ ಬಜರ್ ಒತ್ತಿದರೆ ಕ್ಷಣಕಾಲ ಬಜರ್ ಕೆಲಸ ಮಾಡುವುದಿಲ್ಲ. ಮೂವರಿಗೂ ಉತ್ತರ ಗೊತ್ತಿರುವ ಪ್ರಶ್ನೆಗಳೇ ಹೆಚ್ಚಾಗಿರುವಾಗ ಬೆರಳಿನ ಹದವೇ ಗೆಲುವು. 2004ರಲ್ಲಿ ಸತತ 74 ಆಟ ಗೆದ್ದ ಕೆನ್ ಜೆನ್ನಿಂಗ್ಸ್, 2019ರಲ್ಲಿ 32 ಗೆದ್ದ ಜೇಮ್ಸ್ ಹೋಲ್ಝ್‌ಹಾವರ್ ಇಬ್ಬರೂ ಮನೆಯಲ್ಲಿ ಬಜರ್ ಅಭ್ಯಾಸ ಮಾಡಿಕೊಂಡು ಹೋದವರು. 2010ರಲ್ಲಿ ಒಂದೇ ಆಟದಲ್ಲಿ 77,000 ಡಾಲರ್ ಗೆದ್ದ ರೋಜರ್ ಕ್ರೇಗ್ ಹಳೆಯ ಪ್ರಶ್ನೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ವಿಂಗಡಿಸಿ, ಯಾವ ವಿಷಯ ಎಷ್ಟು ಬಾರಿ ಬರುತ್ತದೆ ನೋಡಿ ಓದಿದವರು. ಆ ಆಟದ ಕೊನೆಯ ಪ್ರಶ್ನೆಗೆ ಪ್ರತಿಯೊಬ್ಬರೂ ತಾವು ಗಳಿಸಿದ್ದರಲ್ಲಿ ಇಷ್ಟೆಂದು ಪಣ ಇಡುತ್ತಾರೆ, ಸರಿಯಾದರೆ ಅಷ್ಟು ಸೇರುತ್ತದೆ, ತಪ್ಪಾದರೆ ಅಷ್ಟು ಹೋಗುತ್ತದೆ. ಅದರಲ್ಲೂ ಲೆಕ್ಕ ಇದೆ. ಮುಂದಿರುವವರ ಬಳಿ 20,000, ಎರಡನೆಯವರ ಬಳಿ 14,000 ಇದೆ ಎನ್ನಿ. ಮುಂದಿರುವವರು 8,001 ಪಣ ಇಡಬೇಕು, ಎದುರಾಳಿ ಎಲ್ಲವನ್ನೂ ಪಣಕ್ಕಿಟ್ಟು ದುಪ್ಪಟ್ಟು ಮಾಡಿಕೊಂಡರೂ ಆಗ ಗೆಲುವು ಇವರದೇ. ಆದರೆ ಮುಂದಿರುವವರು ತಪ್ಪಿದರೆ 11,999ಕ್ಕೆ ಇಳಿಯುತ್ತಾರೆ. ಆದ್ದರಿಂದ ಎರಡನೆಯವರು 2,000ಕ್ಕಿಂತ ಹೆಚ್ಚು ಇಡದಿದ್ದರೆ, ತಾವೂ ತಪ್ಪಿದರೂ ಇವರನ್ನು ಹಿಂದೆ ಹಾಕುತ್ತಾರೆ. ಹಾಗಿದ್ದೂ ಎರಡನೆಯವರು ಆವೇಶದಲ್ಲಿ ಎಲ್ಲವನ್ನೂ ಸುರಿದು ಕೂರುವುದನ್ನು ಎಷ್ಟೋ ಸಲ ನೋಡಬಹುದು.

ಇನ್ನು ಓದು. ಹೋಲ್ಝ್‌ಹಾವರ್ ತಯಾರಿಗೆ ಓದಿದ್ದು ಗ್ರಂಥಾಲಯದ ಮಕ್ಕಳ ಪುಸ್ತಕಗಳನ್ನು. ಯಾವ ವಿಷಯವೇ ಆಗಲಿ, ಪ್ರಶ್ನೆ ಮಾಡುವವರು ಕೇಳುವಂಥ ಸಂಗತಿಗಳು ಅದರಲ್ಲಿ ಚಿತ್ರದ ಸಮೇತ, ಮನಸ್ಸಿಗೆ ಹತ್ತುವಂತೆ ಇರುತ್ತವೆ. ಆದ್ದರಿಂದ ದಪ್ಪ ಸಾಮಾನ್ಯ ಜ್ಞಾನದ ಪುಸ್ತಕದ ಬದಲು, ತಂಗಿಗೆ ಬಾರದ ವಿಷಯಗಳ ಮೇಲೆ ಮಕ್ಕಳಿಗಾಗಿ ಬರೆದ ತೆಳು ಪುಸ್ತಕಗಳನ್ನು ತಂದುಕೊಡಿ. ತಂಗಿ ತಾನು ಹೋಗುವ ಕಾರ್ಯಕ್ರಮದ ಹಳೆಯ ಸಂಚಿಕೆಗಳನ್ನು ನೋಡುವಾಗ ಪ್ರಶ್ನೆಗಳನ್ನು ವಿಷಯವಾರು ಬರೆದಿಟ್ಟುಕೊಳ್ಳಲಿ. ಯಾವ ಹಂತದಲ್ಲಿ ಯಾವ ಬಗೆಯ ಪ್ರಶ್ನೆ ಬರುತ್ತದೆ ಎಂಬುದು ಬೇಗ ಕಣ್ಣಿಗೆ ಬೀಳುತ್ತದೆ. ಗಟ್ಟಿಯಾಗಿ ಉತ್ತರ ಹೇಳುವ ಅಭ್ಯಾಸಕ್ಕೆ ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಬಹಳ ಒಳ್ಳೆಯದು. ಬಹುಮಾನ ಪುಸ್ತಕಗಳಾದ್ದರಿಂದ ಅಲ್ಲಿ ಹಣದ ಉದ್ವೇಗವಿಲ್ಲ, ಪ್ರಶ್ನೆಗಳ ಹರವು ದೊಡ್ಡದು. ಸ್ಪರ್ಧಿ ಬಾಯಿ ತೆರೆಯುವ ಮೊದಲು ತಂಗಿ ಉತ್ತರ ಹೇಳಬೇಕು ಎಂದು ಮನೆಯಲ್ಲಿ ನಿಯಮ ಮಾಡಿ.

ವೇದಿಕೆಯ ಮೇಲೆ ಒಂದೇ ಒಂದು ಅಭ್ಯಾಸ ಸಾಕು: ಪ್ರಶ್ನೆಯನ್ನು ಕೊನೆಯವರೆಗೆ ಕೇಳಿ, ನಾಲ್ಕೂ ಆಯ್ಕೆಗಳನ್ನು ಓದಿ, ಆಮೇಲೆ ಮಾತಾಡುವುದು. 'ಇವುಗಳಲ್ಲಿ ಯಾವುದು ಅಲ್ಲ' ಎಂಬ ಪ್ರಶ್ನೆಯಲ್ಲಿ 'ಅಲ್ಲ'ವನ್ನು ಕಿವಿಗೆ ಹಾಕಿಕೊಳ್ಳದೆ ಬಿದ್ದವರು ಬಹಳ. ನಿರೂಪಕರು 'ಖಚಿತವೇ?' ಎಂದು ಕೇಳಿದ್ದನ್ನು ಸುಳಿವು ಎಂದು ತಿಳಿಯಬಾರದು, ಅವರು ಸರಿಯುತ್ತರಕ್ಕೂ ಹಾಗೆಯೇ ಕೇಳುತ್ತಾರೆ.

ಈ ವಾರ ಎರಡು ಕೆಲಸ ಮಾಡಿ. ನಿಯಮಾವಳಿ ನೋಡಿ ಹಂತವಾರು ಶೇಕಡಾವಾರು ಪಟ್ಟಿ ಸಿದ್ಧಮಾಡಿ, ಮತ್ತು ಫೋನ್ ಗೆಳೆಯರು ಯಾವ ಯಾವ ವಿಷಯಕ್ಕೆ ಎಂದು ಬರೆದು ಗುಂಪಿನಲ್ಲಿ ಹಾಕಿ. ಹೆಸರುಗಳು ಬೇಡ, ವಿಷಯಗಳು ಸಾಕು. ಯಾವ ಮೂಲೆ ಖಾಲಿ ಉಳಿದಿದೆ ಎಂದು ನೋಡಿ ಹೇಳುತ್ತೇನೆ. ಜೋಡಣೆಯ ಪ್ರಶ್ನೆಗಳನ್ನು ಮಾಡಿಕೊಡಲು ಇಲ್ಲಿ ಬಿಡುವಿರುವವರು ಕೈಜೋಡಿಸಿದರೆ ತಂಗಿಗೆ ದಿನವೂ ಹೊಸದನ್ನು ಕಳಿಸಬಹುದು.